ಕುದುರೆಯ ಗಂಟಲು, ಅಯಸ್ಕಾಂತದ ಚಿತ್ರ ಮತ್ತು ನಮ್ಮ ಗೊಟ್ಟ

ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಮೂತಿಯನ್ನು ಮೇಲಕ್ಕೆತ್ತಿ ಬಿದಿರಿನ ಗೊಟ್ಟದಿಂದ ಎಣ್ಣೆಯನ್ನೋ ಕಷಾಯವನ್ನೋ ಹುಯ್ಯುವುದು ನಮ್ಮ ಹಳ್ಳಿಗಳಲ್ಲಿ ಅಜ್ಜಂದಿರ ಕಾಲದಿಂದ ನಡೆದು ಬಂದ ಪದ್ಧತಿ. ದನದಲ್ಲಿಯೂ ಇದು ಪೂರ್ತಿ ನಿರಪಾಯವಾದ ಕೆಲಸವಲ್ಲ. ಆದರೆ ಅದೇ ಗೊಟ್ಟವನ್ನು ಕುದುರೆಯ ಬಾಯಿಗೆ ಹಿಡಿದರೆ, ಹೊಟ್ಟೆನೋವಿನಿಂದ ಬದುಕಿ ಉಳಿಯಬಹುದಾಗಿದ್ದ ಪ್ರಾಣಿ ಔಷಧದಿಂದಲೇ ಸಾಯುವುದುಂಟು. ದನ, ಕುದುರೆ ಎರಡೂ ಹುಲ್ಲು ಮೇಯತಕ್ಕ ಪ್ರಾಣಿಗಳೇ. ಆದರೂ ಅವುಗಳ ಗಂಟಲಿನ ಏರ್ಪಾಡು ಒಂದೇ ಅಲ್ಲ. ಕುದುರೆಯ ಗಂಟಲೊಳಗೆ ಏನಿದೆ, ಅದನ್ನು ಎಂ.ಆರ್.ಐ. ಎಂಬ ಯಂತ್ರ ಹೇಗೆ ತೋರಿಸುತ್ತದೆ, ಆ ತಿಳಿವಳಿಕೆ ನಮ್ಮ ಕೊಟ್ಟಿಗೆಗೆ ಹೇಗೆ ಉಪಯೋಗ ಎಂಬುದೇ ಈ ವಾರದ ಪಾಠ.

ನಮ್ಮ ಸೀಮೆಯ ಕುದುರೆಗಳು

ಉದಕಮಂಡಲದ ನಡುವೆ ಮದ್ರಾಸ್ ರೇಸ್ ಕ್ಲಬ್ಬಿನವರು ಪಂದ್ಯ ನಡೆಸುತ್ತಿದ್ದ ಬಯಲನ್ನು 2024ರಲ್ಲಿ ಸರ್ಕಾರ ಮರಳಿ ತನ್ನ ವಶಕ್ಕೆ ತೆಗೆದುಕೊಂಡಿತು. ಪಂದ್ಯದ ಬಯಲು ಹೋದರೂ ಕುದುರೆ ನೀಲಗಿರಿಯನ್ನು ಬಿಟ್ಟು ಹೋಗಿಲ್ಲ. ಊಟಿ ಕೆರೆಯ ಬಳಿ ಪ್ರವಾಸಿಗರನ್ನು ಹೊರುವ ತಟ್ಟುಗಳಿವೆ. ಪೇಟೆಯ ಬೀದಿಗಳಲ್ಲಿ ಒಡೆಯರಿಲ್ಲದೆ ಅಲೆಯುತ್ತ, ತರಕಾರಿ ಕಸದಲ್ಲಿ ಕ್ಯಾರೆಟ್ಟಿನ ತುದಿ, ಎಲೆಕೋಸಿನ ದಂಟು ಹುಡುಕುವ ಕುದುರೆಗಳನ್ನು ನೋಡದವರು ಯಾರು? ಮಸಿನಗುಡಿಯ ಸಮೀಪ ಮಾವನಹಳ್ಳದಲ್ಲಿ ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಅಂಡ್ ನೇಚರ್ ಎಂಬ ಸಂಸ್ಥೆ ಇಂಥ ಕೈಬಿಟ್ಟ ಕುದುರೆ ಕತ್ತೆಗಳಿಗೆ ಆಸರೆ ಕೊಟ್ಟಿದೆ. ಪಂದ್ಯದ ಕುದುರೆಗೆ ಪಕ್ಕದಲ್ಲೇ ವೈದ್ಯರಿರುತ್ತಾರೆ. ತಟ್ಟುವಿಗಾಗಲಿ ಕತ್ತೆಗಾಗಲಿ ಮೊದಲು ಒದಗತಕ್ಕವರು ನಾವೇ. ಆದುದರಿಂದ ಈ ವಿಷಯ ನಮಗೆ ಸಂಬಂಧಪಟ್ಟದ್ದು. ಇಲ್ಲಿ ಕುದುರೆಯ ಬಗ್ಗೆ ಹೇಳಿದ್ದೆಲ್ಲ ಬಹುಮಟ್ಟಿಗೆ ಕತ್ತೆಗೂ ಸಲ್ಲುತ್ತದೆ.

ಮೂಗೇ ಗಾಳಿಯ ದಾರಿ

ದನ ದಣಿದಾಗ ಬಾಯಿ ತೆರೆದು ಏದುವುದನ್ನು ನೋಡಿದ್ದೀರಿ. ಕುದುರೆ ಹಾಗೆ ಮಾಡಲಾರದು. ಎಷ್ಟೇ ಓಡಿದರೂ ಅದು ಮೂಗಿನ ಹೊಳ್ಳೆಗಳನ್ನು ಅರಳಿಸಿ ಮೂಗಿನಿಂದಲೇ ಉಸಿರಾಡುತ್ತದೆ.

ಇದಕ್ಕೆ ಕಾರಣ ಅಂಗುಳದ ಹಿಂದಿನ ಮೆತ್ತನೆಯ ಭಾಗ. ಕುದುರೆಯಲ್ಲಿ ಇದು ಬಹಳ ಉದ್ದವಾಗಿದ್ದು, ಬಾಯಿಗೂ ಗಂಟಲಿಗೂ ನಡುವೆ ಪರದೆಯಂತೆ ಇಳಿಬಿದ್ದಿರುತ್ತದೆ. ಗಾಳಿನಾಳದ ತಲೆಯಲ್ಲಿ ಧ್ವನಿಪೆಟ್ಟಿಗೆ ಇದೆ. ಅದರ ಮುಚ್ಚಳವು ಈ ಪರದೆಯ ಮೇಲೆ ಕೂತು, ಅಂಗಿಯ ಗುಂಡಿ ಕಾಜಿನಲ್ಲಿ ಸೇರಿದಂತೆ ಬಿಗಿಯಾಗಿರುತ್ತದೆ. ಹೀಗಾಗಿ ಮೂಗಿನಿಂದ ಶ್ವಾಸಕೋಶದವರೆಗೆ ಗಾಳಿಗೆ ಒಂದೇ ನೇರ ದಾರಿ. ತಲೆ ಬಗ್ಗಿಸಿ ಮೇಯುತ್ತಿರುವಾಗಲೂ ಕುದುರೆ ನಿರಾತಂಕವಾಗಿ ಉಸಿರೆಳೆದು, ವಾಸನೆ ಹಿಡಿದು, ಹುಲಿ ಚಿರತೆಗಳ ಸುಳಿವು ತಿಳಿಯಬಲ್ಲದು.

ನುಂಗುವ ಕ್ಷಣದಲ್ಲಿ ಮಾತ್ರ ಈ ಗುಂಡಿ ಕಾಜಿನಿಂದ ಕಳಚುತ್ತದೆ. ಪರದೆ ಮೇಲೇಳುತ್ತದೆ, ಮುಚ್ಚಳ ಹಿಂದಕ್ಕೆ ಮಡಚಿ ಗಾಳಿಯ ಬಾಗಿಲನ್ನು ಮುಚ್ಚುತ್ತದೆ, ತುತ್ತು ಅನ್ನನಾಳಕ್ಕೆ ಇಳಿಯುತ್ತದೆ. ಒಡನೆಯೇ ಎಲ್ಲವೂ ಮೊದಲಿನ ಸ್ಥಾನಕ್ಕೆ ಬರುತ್ತದೆ.

ಈಗ ಗೊಟ್ಟದ ಅಪಾಯವನ್ನು ಯೋಚಿಸಿ. ಬಲಾತ್ಕಾರದಿಂದ ತಲೆಯನ್ನು ಮೇಲೆತ್ತಿ ಹಿಡಿದರೆ ಕುದುರೆ ಸರಿಯಾಗಿ ನುಂಗಲಾರದು. ನಾಲಗೆಯನ್ನು ಹೊರಗೆಳೆದು ಹಿಡಿದರಂತೂ ನುಂಗುವುದು ಇನ್ನೂ ಕಷ್ಟ. ನುಂಗದೆ ಗಂಟಲಲ್ಲಿ ನಿಂತ ಔಷಧ ಬಾಗಿಲು ತೆರೆದಾಗ ಗಾಳಿನಾಳಕ್ಕೆ ಇಳಿಯುತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ. ಪ್ಯಾರಾಫಿನ್ ಎಣ್ಣೆಯಂಥದು ಕೆಮ್ಮನ್ನು ಕೂಡ ಎಬ್ಬಿಸದೆ ಮೆಲ್ಲಗೆ ಇಳಿದುಬಿಡುವುದುಂಟು. ಒಂದೆರಡು ದಿನಗಳಲ್ಲಿ ಜ್ವರ, ಏದುಸಿರು, ಶ್ವಾಸಕೋಶದ ಕೊಳೆತ. ಆದ್ದರಿಂದಲೇ ಪಶುವೈದ್ಯರು ಕುದುರೆಯ ಹೊಟ್ಟೆಗೆ ಔಷಧ ಕೊಡಬೇಕಾದಾಗ ಮೂಗಿನ ಹೊಳ್ಳೆಯಿಂದ ಕೊಳವೆ ಇಳಿಸಿ, ಅದು ಅನ್ನನಾಳದಲ್ಲೇ ಇದೆಯೆಂದು ಖಚಿತಪಡಿಸಿಕೊಂಡು ಆಮೇಲೆ ಹುಯ್ಯುತ್ತಾರೆ. ಇದು ಕಲಿತ ಕೈ ಮಾಡತಕ್ಕ ಕೆಲಸ.

ಕಿವಿಯ ಕೆಳಗಿನ ಎರಡು ಚೀಲಗಳು

ದನಕ್ಕೆ ಇಲ್ಲದ ಇನ್ನೊಂದು ಅಂಗ ಕುದುರೆಗಿದೆ. ನಮ್ಮ ಕಿವಿಗೂ ಗಂಟಲಿಗೂ ನಡುವೆ ಒಂದು ಸಣ್ಣ ನಾಳವಿದೆ. ಘಾಟಿ ಹತ್ತುವಾಗ ಕಿವಿ ಕಟ್ಟಿ, ಎಂಜಲು ನುಂಗಿದೊಡನೆ ಬಿಡುವುದು ಈ ನಾಳದಿಂದಲೇ. ಕುದುರೆಯಲ್ಲಿ ಈ ನಾಳವು ಎರಡು ಕಡೆಯೂ ಬಲೂನಿನಂತೆ ಉಬ್ಬಿ ಗಾಳಿಚೀಲವಾಗಿದೆ. ಒಂದೊಂದರಲ್ಲಿಯೂ ಸುಮಾರು 300ರಿಂದ 500 ಮಿಲಿಲೀಟರ್ ಗಾಳಿ ಹಿಡಿಯುತ್ತದೆ. ಇವನ್ನು ಗಂಟಲ ಚೀಲಗಳೆಂದು ಕರೆಯೋಣ. ಇವುಗಳ ಉಪಯೋಗವೇನೆಂಬ ಚರ್ಚೆ ಬಹಳ ಕಾಲದ್ದು. ಓಡಿ ಬಿಸಿಯಾದ ರಕ್ತ ಮೆದುಳಿಗೆ ಹೋಗುವ ಮೊದಲು ಈ ಚೀಲದ ಗಾಳಿಯಿಂದ ತಂಪಾಗುತ್ತದೆಂಬ ಅಭಿಪ್ರಾಯವನ್ನು 2000ದಲ್ಲಿ ವಿಜ್ಞಾನಿಗಳು ಮುಂದಿಟ್ಟರು.

ಚೀಲದ ಗೋಡೆ ಬಲು ತೆಳು. ಅದರಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವೂ, ನುಂಗುವಿಕೆ, ನಾಲಗೆ ಮತ್ತು ಧ್ವನಿಪೆಟ್ಟಿಗೆಗಳನ್ನು ಆಳುವ ನರಗಳೂ ಹಾದುಹೋಗುತ್ತವೆ. ಗುಡಿಸಲಿನ ತಡಿಕೆಯ ಮೇಲೆ ವಿದ್ಯುತ್ ತಂತಿಯನ್ನೂ ನೀರಿನ ಕೊಳವೆಯನ್ನೂ ಒಟ್ಟಿಗೆ ಎಳೆದಂತೆ ಇದು. ಚೀಲದಲ್ಲಿ ಕೀವು ತುಂಬಿದರೆ, ಬೂಷ್ಟು ಬೆಳೆದರೆ, ಕೇಡು ಚೀಲಕ್ಕೆ ಮಾತ್ರ ನಿಲ್ಲುವುದಿಲ್ಲ. ನರ ಕೆಟ್ಟರೆ ನುಂಗಲಾಗದು, ತಿಂದದ್ದು ಮೂಗಿನಿಂದ ಬರುತ್ತದೆ. ಬೂಷ್ಟು ರಕ್ತನಾಳವನ್ನು ಕೊರೆದರೆ ಸುಮ್ಮನೆ ನಿಂತ ಕುದುರೆಯ ಮೂಗಿನಲ್ಲಿ ರಕ್ತ ಕಾಣುತ್ತದೆ. ಮೊದಲ ಸಲ ಸ್ವಲ್ಪ ಸುರಿದು ನಿಲ್ಲಬಹುದು. ಕೆಲವು ದಿನಗಳ ಮೇಲೆ ಮತ್ತೆ ಸುರಿದಾಗ ಪ್ರಾಣವೇ ಹೋಗಬಹುದು.

ಎಡಗಡೆಯ ಉದ್ದ ನರ

ಧ್ವನಿಪೆಟ್ಟಿಗೆಯನ್ನು ತೆರೆಯುವ ಸ್ನಾಯುವಿಗೆ ಅಪ್ಪಣೆ ತರುವ ಎಡಗಡೆಯ ನರದ ದಾರಿ ವಿಚಿತ್ರವಾದದ್ದು. ಅದು ತಲೆಯಿಂದ ಹೊರಟು, ಕುತ್ತಿಗೆಯುದ್ದ ಇಳಿದು, ಎದೆಯೊಳಗೆ ಹೃದಯದ ದೊಡ್ಡ ರಕ್ತನಾಳವನ್ನು ಬಳಸಿ, ಮತ್ತೆ ಕುತ್ತಿಗೆ ಹತ್ತಿ ಗಂಟಲಿಗೆ ಬರುತ್ತದೆ. ದೊಡ್ಡ ಕುದುರೆಯಲ್ಲಿ ಈ ದಾರಿ ಎರಡು ಮೀಟರಿಗೂ ಹೆಚ್ಚು. ಎತ್ತರದ ಕುದುರೆಗಳಲ್ಲಿ ಈ ಉದ್ದ ನರ ಕ್ರಮೇಣ ಸೊರಗುವುದುಂಟು. ಆಗ ಎಡಗಡೆಯ ಸ್ನಾಯು ಬಡಕಲಾಗಿ, ಬಾಗಿಲು ಅರ್ಧ ಮಾತ್ರ ತೆರೆದು, ಓಡುವಾಗ ಉಸಿರು ಗೊರ್ರೆಂದು ಶಬ್ದ ಮಾಡುತ್ತದೆ. ಕುಳ್ಳಗಿನ ತಟ್ಟುಗಳಲ್ಲಿ ಇದು ಅಪರೂಪ. ಆದ್ದರಿಂದ ಕೆರೆಯ ಬಳಿಯ ತಟ್ಟು ಶಬ್ದ ಮಾಡಿ ಉಸಿರಾಡಿದರೆ ಇದೇ ರೋಗವೆಂದು ಊಹಿಸದೆ ಬಾವು, ಕೀವುಗಳನ್ನು ಮೊದಲು ಹುಡುಕಿಸಬೇಕು.

ಅಯಸ್ಕಾಂತ ಚಿತ್ರ ತೆಗೆಯುವ ಬಗೆ

ಇಷ್ಟನ್ನೆಲ್ಲ ಹಿಂದಿನವರು ತಿಳಿದದ್ದು ಸತ್ತ ಕುದುರೆಯನ್ನು ಕೊಯ್ದು. ಕೊಯ್ದೊಡನೆ ಗಾಳಿಚೀಲ ಕುಸಿಯುತ್ತದೆ, ಅಂಗಗಳು ಜಾಗ ಬಿಡುತ್ತವೆ. ಎಕ್ಸರೇ ಎಲುಬನ್ನು ಚೆನ್ನಾಗಿ ತೋರಿಸುತ್ತದೆ. ಸ್ನಾಯು, ನರ, ಅಂಗುಳಗಳನ್ನು ಮಸುಕಾಗಿ ತೋರಿಸುತ್ತದೆ. ಈ ಕೊರತೆಯನ್ನು ತುಂಬಿದ್ದು ಎಂ.ಆರ್.ಐ. ಅಮೆರಿಕದ ಪಾಲ್ ಲಾಟರ್‌ಬರ್ 1973ರಲ್ಲಿ ಈ ಬಗೆಯ ಮೊದಲ ಚಿತ್ರವನ್ನು ಪ್ರಕಟಿಸಿದರು. ಅವರಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮನುಷ್ಯರ ಬೆನ್ನು, ಮಂಡಿ, ತಲೆಗಳಿಗಾಗಿ ಆಸ್ಪತ್ರೆಯಲ್ಲಿ ಮಾಡಿಸುವ ಎಂ.ಆರ್.ಐ. ಇದೇ.

ಇದರ ತತ್ತ್ವ ಹೀಗಿದೆ. ಪ್ರಾಣಿಗಳ ಮಾಂಸದಲ್ಲಿ ಬಹುಭಾಗ ನೀರು. ನೀರಿನ ಪ್ರತಿ ಕಣದಲ್ಲಿಯೂ ಜಲಜನಕವಿದೆ. ಜಲಜನಕದ ತಿರುಳು ಒಂದು ಸಣ್ಣ ದಿಕ್ಸೂಚಿಯಂತೆ ವರ್ತಿಸುತ್ತದೆ. ಬಲವಾದ ಅಯಸ್ಕಾಂತದ ನಡುವೆ ಇಟ್ಟಾಗ ಈ ದಿಕ್ಸೂಚಿಗಳು ಒಟ್ಟಾರೆಯಾಗಿ ಒಂದು ದಿಕ್ಕಿಗೆ ತುಸು ವಾಲುತ್ತವೆ. ಆಗ ರೇಡಿಯೋ ಅಲೆಯೊಂದನ್ನು ಹಾಯಿಸಿದರೆ ಅವು ವಾಲು ಬದಲಿಸಿ, ಅಲೆ ನಿಂತೊಡನೆ ಮೊದಲಿನ ಸ್ಥಿತಿಗೆ ಮರಳುತ್ತ ತಾವೂ ಸಣ್ಣ ಅಲೆಯನ್ನು ಹೊರಡಿಸುತ್ತವೆ. ಕೊಬ್ಬಿನಲ್ಲಿ ಮರಳುವ ಹೊತ್ತು ಬೇರೆ, ಸ್ನಾಯುವಿನಲ್ಲಿ ಬೇರೆ, ಕೀವಿನಲ್ಲಿ ಬೇರೆ. ಈ ವ್ಯತ್ಯಾಸವನ್ನು ಲೆಕ್ಕಹಾಕಿ ಗಣಕಯಂತ್ರ ಚಿತ್ರ ಬರೆಯುತ್ತದೆ. ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಾಗ ಒಳಗಿನ ಸುತ್ತುಗಳು ಕಾಣುವಂತೆ, ಕತ್ತಿ ತಾಗಿಸದೆಯೇ ಗಂಟಲಿನ ಬಿಲ್ಲೆಗಳು ಒಂದೊಂದಾಗಿ ಕಾಣುತ್ತವೆ. ಗಾಳಿ ಕಪ್ಪಾಗಿ ಕಾಣುವುದರಿಂದ ಗಂಟಲ ಚೀಲದ ಆಕಾರ ಸ್ಪಷ್ಟ. ನೀರಿನಂಶವನ್ನು ಬೆಳಗಿಸುವ ಬಗೆಯ ಚಿತ್ರದಲ್ಲಿ ತೆಳುವಾದ ಕೀವು ಬೆಳ್ಳಗೆ ಹೊಳೆಯುತ್ತದೆ.

ಮನುಷ್ಯರ ಆಸ್ಪತ್ರೆಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಕುದುರೆಯನ್ನು ಅದರ ಹತ್ತಿರ ತರುವ ಮೊದಲು ಗೊರಸಿನ ಲಾಳ, ಮೊಳೆ, ಬಾಯಿಯ ಕಬ್ಬಿಣದ ಕಡಿವಾಣ ಎಲ್ಲವನ್ನೂ ತೆಗೆಯಬೇಕು. ಯಂತ್ರದ ಸುರಂಗದ ಬಾಯಿ 60ರಿಂದ 70 ಸೆಂಟಿಮೀಟರ್ ಮಾತ್ರ. ಆದ್ದರಿಂದ ತಲೆ, ಕುತ್ತಿಗೆಯ ಮೇಲ್ಭಾಗ ಮತ್ತು ಕಾಲುಗಳಷ್ಟೇ ಒಳಗೆ ಹೋಗುತ್ತವೆ. ಕುದುರೆ ನಿಂತಿರುವಂತೆಯೇ ಚಿತ್ರ ತೆಗೆಯುವ ಯಂತ್ರಗಳೂ ಉಂಟು, ಆದರೆ ಅವು ಮುಖ್ಯವಾಗಿ ಕಾಲುಗಳಿಗೆ. ಗಂಟಲಿನ ಸೂಕ್ಷ್ಮ ಚಿತ್ರಕ್ಕೆ ಕುದುರೆಯನ್ನು ಪೂರ್ತಿ ಮತ್ತು ಬರಿಸಿ ಮಲಗಿಸಬೇಕು. ದೊಡ್ಡ ಪ್ರಾಣಿಗೆ ಮತ್ತು ಬರಿಸುವುದು ಸಣ್ಣ ಮಾತಲ್ಲ. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಂತೆ, ಹೊಟ್ಟೆಶೂಲೆಯ ಕುದುರೆಗಳನ್ನು ಬಿಟ್ಟರೂ, ಮತ್ತು ಬರಿಸಿದ ನೂರು ಕುದುರೆಗಳಲ್ಲಿ ಸುಮಾರು ಒಂದು ಸತ್ತಿತ್ತು.

ಇನ್ನೊಂದು ಮಿತಿಯೂ ಇದೆ. ಮಲಗಿದ ಕುದುರೆಯ ಗಂಟಲು ಓಡುವ ಕುದುರೆಯ ಗಂಟಲಲ್ಲ. ಧ್ವನಿಪೆಟ್ಟಿಗೆಯ ಬಾಗಿಲು ಓಟದಲ್ಲಿ ಹೇಗೆ ತೆರೆಯುತ್ತದೆಂದು ನೋಡಲು ಮೂಗಿನಿಂದ ಇಳಿಸುವ ದೀಪದ ಕೊಳವೆಯೇ, ಅಂದರೆ ಎಂಡೋಸ್ಕೋಪೇ ಮೇಲು. ಹಲ್ಲು, ಎಲುಬುಗಳಿಗೆ ಸಿ.ಟಿ. ಮೇಲು. ಪ್ರತಿ ಹತ್ಯಾರಿಗೂ ಅದರದರ ಕೆಲಸವುಂಟು.

ದೊಡ್ಡ ಯಂತ್ರ ಚಿಕ್ಕ ಯಂತ್ರಕ್ಕೆ ಕಲಿಸಿದ ಪಾಠ

ಹಾಗಾದರೆ ನೀಲಗಿರಿಯ ತಟ್ಟುವಿಗೆ ಈ ಯಂತ್ರದಿಂದ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಉತ್ತರ 2009ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಅಭ್ಯಾಸದಲ್ಲಿದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ, ಎಂದರೆ ಕಿವಿಯ ಹಾಳೆಯಲ್ಲಿರುವಂಥ ಬಾಗುವ ಎಲುಬು, ಹುಟ್ಟುವಾಗಲೇ ಸರಿಯಾಗಿ ರೂಪುಗೊಳ್ಳದ ಐದು ಕುದುರೆಗಳನ್ನು ಅವರು ಎಂ.ಆರ್.ಐ.ಯಿಂದಲೂ ಅಲ್ಟ್ರಾಸೌಂಡಿನಿಂದಲೂ ಪರೀಕ್ಷಿಸಿದರು. ಎಂ.ಆರ್.ಐ. ದೋಷದ ಪೂರ್ತಿ ರೂಪವನ್ನು ತೋರಿಸಿತು. ಅದೇ ದೋಷದ ಗುರುತುಗಳು ಅಲ್ಟ್ರಾಸೌಂಡಿನಲ್ಲಿಯೂ ಕಂಡವು. ಎಮ್ಮೆ ಹಸುಗಳ ಗಬ್ಬ ನೋಡಲು ಡಾಕ್ಟರು ಕೊಟ್ಟಿಗೆಗೆ ತರುವ ಸ್ಕ್ಯಾನಿಂಗ್ ಯಂತ್ರ ಇದೇ ಜಾತಿಯದು. ಇದಕ್ಕೆ ಕುದುರೆಯನ್ನು ಮಲಗಿಸಬೇಕಾಗಿಲ್ಲ.

ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂದು ದೊಡ್ಡ ಯಂತ್ರ ಒಮ್ಮೆ ಕಲಿಸಿಕೊಟ್ಟರೆ ಆಮೇಲೆ ಚಿಕ್ಕ ಯಂತ್ರವೇ ಬಹಳ ಕೆಲಸ ಮಾಡುತ್ತದೆ. ಚಿಕ್ಕ ಯಂತ್ರವೂ ಇಲ್ಲದ ಕಡೆ ಕಲಿತ ಕಣ್ಣು ಮತ್ತು ಕೈ ಕೆಲಸ ಮಾಡಬೇಕು. ಭೂಪಟ ಬರೆಯುವವನು ಒಬ್ಬ, ಅದನ್ನು ಹಿಡಿದು ನಡೆಯುವವರು ನೂರು ಮಂದಿ. ನಾವು ನಡೆಯುವವರ ಸಾಲಿಗೆ ಸೇರಿದವರು.

ನಾವು ಮಾಡತಕ್ಕದ್ದು, ಮಾಡಬಾರದ್ದು

1. ಕುದುರೆಗೆ ಗೊಟ್ಟ ಹಿಡಿಯಬಾರದು. ತಲೆಯೆತ್ತಿ ಬಾಯಿಗಾಗಲಿ ಮೂಗಿಗಾಗಲಿ ಏನನ್ನೂ ಹುಯ್ಯಬಾರದು. ಹೊಟ್ಟೆನೋವಿನಿಂದ ಹೊರಳಾಡಿದರೆ ಮೇವು ತೆಗೆದು, ವೈದ್ಯರಿಗೆ ಹೇಳಿಕಳುಹಿಸಬೇಕು. ಜಾನುವಾರುಗಳ ಸಂಚಾರಿ ಚಿಕಿತ್ಸೆಗೆ 1962 ಎಂಬ ಸಂಖ್ಯೆ ಇದೆ.

2. ಎರಡು ಹೊಳ್ಳೆಗಳಿಂದಲೂ ಮೇವು ಬೆರೆತ ನೊರೆ ಸುರಿದು, ಕುದುರೆ ಕುತ್ತಿಗೆ ಚಾಚುತ್ತ ಕೆಮ್ಮಿದರೆ ಅನ್ನನಾಳದಲ್ಲಿ ತುತ್ತು ಸಿಕ್ಕಿದೆಯೆಂದು ಸಂಶಯಪಡಬೇಕು. ಕುತ್ತಿಗೆಯ ಎಡಗಡೆ ಗಂಟು ಕಾಣಬಹುದು. ಆಗ ಮೇವು, ನೀರು ಎರಡನ್ನೂ ತೆಗೆದಿಡಿ. ತಲೆಯನ್ನು ತಗ್ಗಿಸಿಕೊಳ್ಳಲು ಬಿಡಿ. ಎಣ್ಣೆ ಹುಯ್ಯಬೇಡಿ, ಕೋಲು ತುರುಕಬೇಡಿ.

3. ಇದು ಬಾರದಂತೆ ತಡೆಯುವುದು ಸುಲಭ. ಒಣ ಹುರುಳಿಯನ್ನೂ ಒಣ ಬೂಸಾವನ್ನೂ ಹಾಗೆಯೇ ಇಡದೆ ನೆನೆಸಿ ಕೊಡಿ. ನಮ್ಮ ಬೆಟ್ಟದ ಕ್ಯಾರೆಟ್ಟನ್ನು ದುಂಡು ಬಿಲ್ಲೆಯಾಗಿ ಹೆಚ್ಚಬೇಡಿ, ಬೆರಳಿನಂತೆ ಉದ್ದುದ್ದ ಸೀಳಿ. ಮುದಿ ಕುದುರೆಯ ಹಲ್ಲನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ.

4. ಮೇವನ್ನು ಎತ್ತರದ ಗೋದಲೆಯಲ್ಲಿಡದೆ ನೆಲಮಟ್ಟದಲ್ಲಿಡಿ. ತಲೆ ಬಗ್ಗಿಸಿದಾಗ ಗಾಳಿನಾಳದ ಕಫವೂ ಗಂಟಲ ಚೀಲದ ಕೊಳೆಯೂ ಇಳಿದುಹೋಗುತ್ತವೆ. ಲಾರಿಯಲ್ಲಿ ಸಾಗಿಸುವಾಗ ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಿ ಬಹಳ ಹೊತ್ತು ಇಟ್ಟರೆ ಆ ಕೊಳೆ ಶ್ವಾಸಕೋಶಕ್ಕೆ ಇಳಿದು ಜ್ವರ ಬರುತ್ತದೆ. ದೂರದಿಂದ ತರುವ ಕುದುರೆಯನ್ನು ಘಾಟಿ ಹತ್ತಿಸುವ ಮೊದಲು ನಿಲ್ಲಿಸಿ, ತಲೆ ತಗ್ಗಿಸಿ ನೀರು ಕುಡಿಯಲು ಬಿಡಬೇಕು.

5. ಜ್ವರ, ದವಡೆಯ ಕೆಳಗೆ ಬಾವು, ಮೂಗಿನಲ್ಲಿ ಕೀವು, ಈ ಮೂರೂ ಸೇರಿದರೆ ಸ್ಟ್ರ್ಯಾಂಗಲ್ಸ್ ಎಂಬ ಅಂಟುರೋಗವಿರಬಹುದು. ದನಗಳ ಗಳಲೆ ರೋಗ ಬೇರೆ, ಇದು ಬೇರೆ. ರೋಗ ವಾಸಿಯಾದಂತೆ ಕಂಡರೂ ಕೆಲವು ಕುದುರೆಗಳ ಗಂಟಲ ಚೀಲದಲ್ಲಿ ಕೀವು ಗಟ್ಟಿಯಾಗಿ ಗುಂಡುಗಳಂತೆ ತಿಂಗಳುಗಟ್ಟಲೆ ಉಳಿದು, ಹೊರಗೆ ಗುರುತು ಕಾಣಿಸದೆ ಇತರ ಕುದುರೆಗಳಿಗೆ ರೋಗ ಹಂಚುತ್ತದೆ. ಆದ್ದರಿಂದ ಹೊಸದಾಗಿ ಕೊಂಡ ಕುದುರೆಯನ್ನು ಮೂರು ವಾರ ಬೇರೆ ಕಟ್ಟಬೇಕು. ನೀರಿನ ಬಕೆಟ್ಟು, ಕಡಿವಾಣ ಬೇರೆ ಇರಬೇಕು.

6. ಮೂಗಿನ ಕೀವಿನ ಜೊತೆಗೆ ಮೂಗಿನೊಳಗೆ ಅಥವಾ ಚರ್ಮದ ಮೇಲೆ ಹುಣ್ಣುಗಳಿದ್ದರೆ ಗ್ಲಾಂಡರ್ಸ್ ಇರಬಹುದು. ಇದು ಮನುಷ್ಯರಿಗೂ ಅಂಟುವ ಘೋರ ರೋಗ. 2009ರ ಕೇಂದ್ರ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ರೋಗಗಳಲ್ಲಿ ಒಂದು. ಮುಟ್ಟದೆ, ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸತಕ್ಕದ್ದು.

7. ಓಡದೆ, ಪೆಟ್ಟು ತಾಗದೆ ಮೂಗಿನಲ್ಲಿ ರಕ್ತ ಬಂದರೆ, ಅದು ತಾನಾಗಿ ನಿಂತರೂ, ಅದೇ ದಿನ ವೈದ್ಯರನ್ನು ಕರೆಸಬೇಕು. ಕಾರಣವನ್ನು ಗಂಟಲ ಚೀಲದ ಪಾಠದಲ್ಲಿ ಓದಿದ್ದೀರಿ.

8. ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದದ್ದು. ನುಂಗಲಾರದೆ ಜೊಲ್ಲು ಸುರಿಸುವ ಕುದುರೆಯ ಬಾಯೊಳಗೆ ಬರಿಗೈ ಹಾಕಬಾರದು. ಹುಚ್ಚುನಾಯಿ ಕಡಿತದ ರೋಗ ಕುದುರೆಗೂ ಬರುತ್ತದೆ. ಆಗಲೂ ಗಂಟಲಿನ ನರಗಳು ಸೋತು ಪ್ರಾಣಿ ನುಂಗಲಾರದು. ನೋಡುವವನಿಗೆ ಗಂಟಲಲ್ಲಿ ಏನೋ ಸಿಕ್ಕಿದಂತೆಯೇ ತೋರುತ್ತದೆ. ಇಂಥ ಕುದುರೆಯ ಜೊಲ್ಲು ಗಾಯಕ್ಕೆ ತಾಗಿದರೆ ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಈ ರೋಗವನ್ನು ಎದುರಿಸಲು ನಮ್ಮ ಜಿಲ್ಲೆಯ ಕೂನೂರಿನಲ್ಲೇ 1907ರಲ್ಲಿ ಪಾಸ್ಟರ್ ಸಂಸ್ಥೆ ಕೆಲಸ ಆರಂಭಿಸಿತು. ಲಸಿಕೆಯ ಮಹಿಮೆ ನಮಗೆ ಹೊಸದಲ್ಲ. ಆದರೆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಲಸಿಕೆಯಿಂದ ಪ್ರಯೋಜನವಿಲ್ಲ.

ಅಭ್ಯಾಸಕ್ಕೆ

ಈ ಪಾಠವನ್ನು ಮನೆಯಲ್ಲಿ ಓದುಬರುವ ಮಕ್ಕಳಿಂದ ಹಿರಿಯರಿಗೆ ಓದಿಸಿ, ಕೆಳಗಿನ ಪ್ರಶ್ನೆಗಳನ್ನು ಕೇಳಬಹುದು.

(ಅ) ಕುದುರೆ ಬಾಯಿಂದ ಯಾತಕ್ಕೆ ಉಸಿರಾಡಲಾರದು?
(ಆ) ಗಂಟಲ ಚೀಲದಲ್ಲಿ ಕೀವು ತುಂಬಿದರೆ ನುಂಗಲು ಯಾತಕ್ಕೆ ಕಷ್ಟವಾಗುತ್ತದೆ?
(ಇ) ಎಂ.ಆರ್.ಐ. ಯಂತ್ರದ ಬಳಿಗೆ ಒಯ್ಯುವ ಮೊದಲು ಲಾಳವನ್ನು ಯಾತಕ್ಕೆ ಕೀಳಬೇಕು?
(ಈ) ಕ್ಯಾರೆಟ್ಟನ್ನು ಹೇಗೆ ಹೆಚ್ಚಬೇಕು?

ನಾಲ್ಕಕ್ಕೂ ಸರಿಯಾದ ಉತ್ತರ ಬಂದ ಮನೆಯಲ್ಲಿ ಕುದುರೆಗೆ ಗೊಟ್ಟ ಹಿಡಿಯುವವರು ಉಳಿಯಲಾರರು.